ಉಣ್ಣೆಗೆ ಸೀಮೆಎಣ್ಣೆ ಬೇಡ
ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳಕ್ಕೆ ಸೀಮೆಎಣ್ಣೆ ಹಚ್ಚಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಆ ಸಾಲು ತೆಗೆಯಿರಿ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಚಿಮಟದ ತುದಿಯನ್ನು ಚರ್ಮಕ್ಕೆ ತಾಗಿಸಿ, ಉಣ್ಣೆಯ ಬಾಯಿಯ ಬಳಿಯೇ ಹಿಡಿದು ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ, ಹೊಟ್ಟೆ ಹಿಚುಕಬೇಡಿ. ಕಿತ್ತದ್ದನ್ನು ಸ್ಪಿರಿಟ್‌ಗೆ ಹಾಕಿ. ಕಿವಿಯೊಳಗೆ, ಬೆರಳ ಸಂದಿನಲ್ಲಿ, ಬೆಲ್ಟಿನಡಿ ಹುಡುಕಿ.

ನಮ್ಮ ಮಂಗಳೂರು, ಉಡುಪಿ ಕಡೆ ದೊಡ್ಡ ಕಾಟ ನಾಯಿಗೂಡಿನ ಗೋಡೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ತೂತುಗಳದ್ದು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು ಅಂಥ ಸಂದಿನಲ್ಲೇ ಸಾವಿರಾರು ಮೊಟ್ಟೆ ಇಡುತ್ತದೆ. ಗೋಡೆಗೆ ಸಿಮೆಂಟ್ ಸಾರಣೆ ಮಾಡಿಸದೆ ನಾಯಿಗೆ ಮಾತ್ರ ಮದ್ದು ಹಾಕಿದರೆ ಮತ್ತೆ ಹತ್ತುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ನಾಯಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕವಿರುವ ಮದ್ದು ಬೇಡವೇ ಬೇಡ, ಬೆಕ್ಕಿಗೆ ಅದು ವಿಷ. ನಾಯಿ ಊಟ ಬಿಟ್ಟು, ವಸಡು ಬಿಳಿಚಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಉಣ್ಣೆಯಿಂದ ಹರಡುವ ಬಬೇಸಿಯಾ ಎಂಬ ರಕ್ತದ ರೋಗ ಇರಬಹುದು. ಅದೇ ದಿನ ರಕ್ತಪರೀಕ್ಷೆ ಮಾಡಿಸಿ.