ಪ್ಲಾಸಿ ಪ್ಲಾಸಿ ಅಂತ ಕಿರುಚುವವರಿಗೆ

ನಿನ್ನೆ ರಾತ್ರಿ ಟೀವಿ ಚರ್ಚೆಯಲ್ಲಿ ಮತ್ತೆ ಅದೇ ರಾಗ. 1757ರ ಪ್ಲಾಸಿ ಯುದ್ಧ, ನವಾಬನ ಸೇನಾಪತಿ ಮೀರ್ ಜಾಫರನ ದ್ರೋಹ, ಬಂಗಾಳ ಹೋಯ್ತು, ಕಥೆ ಮುಗೀತು. 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ಕಂದಾಯದ ಹಕ್ಕು ಸಿಕ್ಕ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ನನ್ನ ಕೆಲಸ ಗೊತ್ತಲ್ಲ ನಿಮಗೆ, ಕಂಡವರ ಲೆಕ್ಕಪುಸ್ತಕ ಕೆದಕುವುದು. ಅದಕ್ಕೇ ಇರಬೇಕು, ಇಂಥದ್ದು ಕೇಳಿದರೆ ಮೈ ಉರಿಯುತ್ತದೆ.

ಪ್ಲಾಸಿಯಲ್ಲಿ ಕಂಪನಿಗೆ ಸಿಕ್ಕಿದ್ದು ಹೇಳಿದ ಹಾಗೆ ಕೇಳುವ ನವಾಬ, ಅದೇ ಮೀರ್ ಜಾಫರ್. ಖಜಾನೆಯ ಕೀಲಿಕೈ ಪೂರ್ತಿ ಸಿಕ್ಕಿದ್ದು ಎಂಟು ವರ್ಷ ಕಳೆದ ಮೇಲೆ.

ಮಧ್ಯದಲ್ಲಿ ಮೀರ್ ಜಾಫರನ ಜಾಗಕ್ಕೆ ಮೀರ್ ಕಾಸಿಂ ನವಾಬನಾಗಿ ಬಂದ. ಕಂಪನಿಯ ನೌಕರರು ಕಂಪನಿಯ ದಸ್ತಕ್, ಅಂದರೆ ಸುಂಕ ವಿನಾಯಿತಿಯ ಪರವಾನಗಿ ಚೀಟಿ, ತೋರಿಸಿ ತಮ್ಮ ಸ್ವಂತ ಸರಕನ್ನೂ ಸುಂಕವಿಲ್ಲದೆ ಸಾಗಿಸುತ್ತಿದ್ದರು. ಊರಿನ ವ್ಯಾಪಾರಿ ಮಾತ್ರ ಕಟ್ಟಬೇಕು. 1763ರಲ್ಲಿ ಮೀರ್ ಕಾಸಿಂ ಎಲ್ಲರಿಗೂ ಸುಂಕ ತೆಗೆದುಹಾಕಿದ. ಪಾಪ, ಅದೇ ದೊಡ್ಡ ಅಪರಾಧವಾಯಿತು! ಯುದ್ಧ ನಡೆಯಿತು. ಮರುವರ್ಷ ಬಕ್ಸಾರ್‌ನಲ್ಲಿ ಅವನ ಪರವಾಗಿ ನಿಂತ ಅವಧ್ ನವಾಬ, ಮೊಘಲ್ ಬಾದಶಹ ಎಲ್ಲರೂ ಸೋತರು.

1765ರ ಆಗಸ್ಟ್ 12. ಅಲಹಾಬಾದಿನಲ್ಲಿ ಬಾದಶಹ ಶಾ ಆಲಂ ಬಂಗಾಳ, ಬಿಹಾರ, ಒರಿಸ್ಸಾದ ದಿವಾನಿ ಬರೆದುಕೊಟ್ಟ. ಅಂದರೆ ಕಂದಾಯ ಎತ್ತುವ ಹಕ್ಕು. ಬಾದಶಹನಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ, ಬಂಗಾಳದ ನವಾಬನಿಗೆ 53 ಲಕ್ಷ. ಮಿಕ್ಕಿದ್ದು ಕಂಪನಿಗೆ. ಕಾನೂನು, ನ್ಯಾಯದ ತಲೆನೋವು ಮಾತ್ರ ನವಾಬನಿಗೆ. ವಸೂಲಿಗೂ ಕಂಪನಿಯ ಗವರ್ನರ್ ರಾಬರ್ಟ್ ಕ್ಲೈವ್ ಮೈ ಬಗ್ಗಿಸಲಿಲ್ಲ. ಬಂಗಾಳದಲ್ಲಿ ರೆಜಾ ಖಾನ್, ಬಿಹಾರದಲ್ಲಿ ಶಿತಾಬ್ ರಾಯ್ ಎತ್ತಿಕೊಟ್ಟರು.

ನನ್ನ ಸಿಟ್ಟು ಇಲ್ಲಿದೆ. ಮೊದಲು ಬಂಗಾಳದ ಬಟ್ಟೆ, ರೇಷ್ಮೆ ಬೇಕಾದರೆ ಕಂಪನಿ ಹಡಗಿನಲ್ಲಿ ಬೆಳ್ಳಿ ತರಬೇಕಿತ್ತು. ಈಗ ಬಂಗಾಳದ ರೈತ ಕಟ್ಟಿದ ಕಂದಾಯದಿಂದಲೇ ಬಂಗಾಳದ ನೇಕಾರನಿಗೆ ಪಾವತಿ. ಸರಕು ಲಂಡನ್ನಿಗೆ. ನಮ್ಮ ದುಡ್ಡಲ್ಲಿ ನಮ್ಮದೇ ಮಾಲು, ಲಾಭ ಅವರಿಗೆ! ಇದರ ಮುಂದೆ ಮೀರ್ ಜಾಫರ್ ಯಾವ ಲೆಕ್ಕ?

'ಮೊಘಲರೇನು ಕಂದಾಯ ಹಿಂಡಲಿಲ್ಲವಾ' ಅಂತ ಕಮೆಂಟ್ ಟೈಪ್ ಮಾಡ್ತಿದ್ದೀರಿ, ಅಲ್ವಾ? ಹಿಂಡಿದರು ಸ್ವಾಮಿ. ಆದರೆ ಅದರಲ್ಲಿ ಜಾಸ್ತಿ ಪಾಲು ಈ ನೆಲದಲ್ಲೇ ಖರ್ಚಾಗುತ್ತಿತ್ತು. ಸುಮ್ನೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 1770ರ ಬರಗಾಲದಲ್ಲಿ ಬಂಗಾಳದ ಮೂರರಲ್ಲಿ ಒಂದು ಪಾಲು ಜನ ಸತ್ತರು ಅಂತ ಆಮೇಲೆ ಕಂಪನಿಯ ಗವರ್ನರ್ ಆದ ವಾರನ್ ಹೇಸ್ಟಿಂಗ್ಸನೇ ಬರೆದ. ಅದೇ ಪತ್ರದಲ್ಲಿ, 1771ರ ವಸೂಲಿ 1768ಕ್ಕಿಂತ ಜಾಸ್ತಿ ಅಂತಲೂ ಬರೆದ. ಸತ್ತವರ ಪಾಲನ್ನು ಬದುಕಿದವರಿಂದ ಎತ್ತಿದ್ದರು. ಆ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇಷ್ಟು ಬಾಚಿಯೂ 1772ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಮರುವರ್ಷ ಬ್ರಿಟಿಷ್ ಸರಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟು ಎತ್ತಿತು. ಬಾದಶಹನ 26 ಲಕ್ಷ? ಅವನು ಮರಾಠರ ಜೊತೆ ದೆಹಲಿಗೆ ಹೋದ ಅನ್ನುವ ನೆಪ ಹೇಳಿ, ಹೇಸ್ಟಿಂಗ್ಸ್ ಅದನ್ನೂ ನಿಲ್ಲಿಸಿಬಿಟ್ಟ.