ಘಟ್ಟ ಯಾರಿಗೆ ಬಂದ್?

ಇವತ್ತೂ ಅದೇ ಉತ್ತರ. ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಶಿರಸಿ ಬಸ್ಸು ಕೇಳಿದರೆ, 'ದೇವಿಮನೆ ಘಟ್ಟದಲ್ಲಿ ಸಂಚಾರ ನಿರ್ಬಂಧ'. ಯಾವ ಗಾಡಿಗೆ? ಎಲ್ಲಿಯವರೆಗೆ? ಹೇಳುವವರೇ ಇಲ್ಲ. ಬೋರ್ಡು ನೋಡೋಣವೆಂದರೆ ದಿನಾಂಕ ಬರೆದ ಜಾಗ ಮಳೆಗೆ ಅಳಿಸಿಹೋಗಿದೆ, 'ನಿರ್ಬಂಧಿಸಲಾಗಿದೆ' ಅನ್ನೋದು ಮಾತ್ರ ಕೆಂಪಗೆ ಉಳಿದಿದೆ.

ಮೀನುಗಾರಿಕೆ ನಿಷೇಧಕ್ಕಾದರೂ ಒಂದು ಲೆಕ್ಕವಿದೆ ಅಲ್ವಾ? ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಕಡಲಿಗಿಳಿಯುವವರಿಗೆ ಮೊದಲೇ ಗೊತ್ತಿರುತ್ತದೆ. ಘಟ್ಟ ಹತ್ತುವವರಿಗೆ ಯಾಕೆ ಹೇಳುವುದಿಲ್ಲ?

ಭಾರೀ ವಾಹನಕ್ಕೆ ತಡೆ ಅಂತೀರಿ, ರಾತ್ರಿಯಾದರೆ ಲಾರಿಗಳು ಸಾಲಾಗಿ ಹೋಗುತ್ತವೆ. ಬಸ್ಸು ಮಾತ್ರ ನಿಲ್ಲಬೇಕಾ? ಆಸ್ಪತ್ರೆಗೆ ಹೊರಟವರು, ಕಾಲೇಜು ಮಕ್ಕಳು ಅಂಕೋಲಾ, ಯಲ್ಲಾಪುರ ಸುತ್ತಿ ಶಿರಸಿ ಮುಟ್ಟಬೇಕು. ಆ ಜಾಸ್ತಿ ಟಿಕೆಟ್ ದುಡ್ಡು ಯಾರು ಕೊಡುತ್ತಾರೆ?