ಒರಿಜಿನಲ್ ಕಾರು, ಒದ್ದೆ ಸೀರೆ

ಇಂಗ್ಲೆಂಡಿನಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ ರೋಡ್ ಟ್ಯಾಕ್ಸ್ ಕಟ್ಟಬೇಕಿಲ್ಲ, ಕಾರು ಓಡಿಸಲು ಯೋಗ್ಯವೇ ಅಂತ ವರ್ಷಕ್ಕೊಮ್ಮೆ ಮಾಡಿಸುವ ಎಂಒಟಿ ಪರೀಕ್ಷೆಯೂ ಸಾಮಾನ್ಯವಾಗಿ ಕಡ್ಡಾಯವಲ್ಲ. ಇಷ್ಟು ಹೇಳಿಯೇ ನಮ್ಮನೆಯವರು ಹಳೇ ಕಾರು ಕೊಳ್ಳಲು ನನ್ನ ಒಪ್ಪಿಗೆ ಗಿಟ್ಟಿಸಿದ್ದು. ಉಳಿದ ಖರ್ಚಿನ ಬಗ್ಗೆ ತುಟಿ ಬಿಚ್ಚಲಿಲ್ಲ.

ಬಂದದ್ದು 1964ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬಟ್ಟೆ ಛಾವಣಿಯ, ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ, ಗಟ್ಟಿ ಛಾವಣಿಯ ಜಿಟಿಯನ್ನೂ ಸೇರಿಸಿದರೆ, ಐದು ಲಕ್ಷಕ್ಕೂ ಜಾಸ್ತಿ ತಯಾರಾಗಿವೆ. ಅಪರೂಪದ್ದೇನಲ್ಲ, ಅಲ್ವಾ? ಇವರ ಮುಂದೆ ಹಾಗಂತ ಹೇಳಿ ನೋಡಿ. ಇದು 'ಪುಲ್ ಹ್ಯಾಂಡಲ್' ಕಾರಂತೆ. ಬಾಗಿಲಿನ ಹಿಡಿಯನ್ನು ಎಳೆದರೆ ಬಾಗಿಲು ತೆರೆಯುತ್ತದೆ, ಅಷ್ಟೇ ವಿಶೇಷ. 1965ರಲ್ಲಿ ಗುಂಡಿ ಒತ್ತುವ ಹಿಡಿ ಬಂತು. ಸಂಗ್ರಹಿಸುವವರು ಹಳೇ ಹಿಡಿಗೇ ಜಾಸ್ತಿ ದುಡ್ಡು ಸುರಿಯುತ್ತಾರೆ.

ರಿಸ್ಟೋರ್ ಮಾಡಿದ ಫೋಟೊಗಳನ್ನು ನಾನೂ ನೋಡಿದ್ದೇನೆ. ಬಾಡಿ ಹೊಸದು, ವೈರಿಂಗ್ ಹೊಸದು, ಸೀಟಿನ ಕೆಂಪು ಲೆದರ್ ಹೊಸದು. ಆದರೂ ಕಾರು ಒರಿಜಿನಲ್! ಹೀಟರ್ ಮಾತ್ರ ಹಾಕಿಸುವಂತಿಲ್ಲ. ಆಗ ಹೀಟರ್‌ಗೆ ಬೇರೆ ದುಡ್ಡು ಕೊಡಬೇಕಿತ್ತು (ಇಂಗ್ಲೆಂಡಿನಲ್ಲಿ, ನೆನಪಿರಲಿ), ಮೊದಲ ಮಾಲೀಕ ಕೊಡಲಿಲ್ಲ. ಆ ಪುಣ್ಯಾತ್ಮ ನಾಲ್ಕು ಕಾಸು ಉಳಿಸಿದ್ದಕ್ಕೆ ಈಗ ನನ್ನ ಮೊಣಕಾಲು ನಡುಗುತ್ತಿದೆ.

ಮೈಸೂರಿನಿಂದ ಬಂದಿದ್ದ ಅಕ್ಕನ ಮಗ ಪಾಪ, "ಚಿಕ್ಕಪ್ಪ, ಫೋನ್ ಚಾರ್ಜರ್ ಎಲ್ಲಿ ಚುಚ್ಚಲಿ?" ಅಂತ ಕೇಳಿದ. ಇವರು ಕಿರುಚಿದ ಕಿರುಚಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಈ ಕಾರುಗಳಲ್ಲಿ 1967ರವರೆಗೂ ಬ್ಯಾಟರಿಯ ಪ್ಲಸ್ ತುದಿಯನ್ನೇ ಕಾರಿನ ಲೋಹದ ಮೈಗೆ ಜೋಡಿಸುತ್ತಿದ್ದರು. ಈಗಿನ ಕಾರಿಗೆ ಪೂರ್ತಿ ಉಲ್ಟಾ. ಈಗಿನ ಸಾಮಾನು ಏನೇ ಚುಚ್ಚಿದರೂ ಫ್ಯೂಸ್ ಹೋಗುವ ಭಯ. ಬ್ಯಾಟರಿಯೂ ಒಂದಲ್ಲ, ಆರು ವೋಲ್ಟಿನ ಎರಡು, ಸೀಟಿನ ಹಿಂದೆ ನೆಲದಡಿ ಹೂತಿಟ್ಟಿದ್ದಾರೆ.

ಯುಗಾದಿ ಕಾರ್ಯಕ್ರಮಕ್ಕೆ ಇದರಲ್ಲೇ ಹೋಗೋಣ ಅಂದರು. ನಾನು ಮೈಸೂರು ಸಿಲ್ಕ್, ಇವರು ಜರಿ ಪಂಚೆ, ನನ್ನ ತೊಡೆ ಮೇಲೆ ಸ್ಟೀಲ್ ಡಬ್ಬಿ ತುಂಬ ಹೆಸರುಬೇಳೆ ಕೋಸಂಬರಿ. ಏಪ್ರಿಲ್ ತಿಂಗಳು. ಅರ್ಧ ದಾರಿಯಲ್ಲಿ ಮಳೆ.

ಹುಡ್ (ಬಟ್ಟೆ ಛಾವಣಿ) ಎಳೆದರೆ ಆಯ್ತಲ್ಲ ಅಂತೀರಾ? ನಮ್ಮದರಲ್ಲಿ ಕಂಬಿ ಬೇರೆ, ಬಟ್ಟೆ ಬೇರೆ, ಎರಡೂ ಡಿಕ್ಕಿಯಲ್ಲಿ. ಕಂಬಿಗಳನ್ನು ಸೀಟಿನ ಹಿಂದಿನ ತೂತಿಗೆ ಸಿಕ್ಕಿಸಿ, ಬಟ್ಟೆ ಹೊದಿಸಿ, ಮುಂದೆ ಗಾಜಿನ ಚೌಕಟ್ಟಿಗೆ ಎಳೆದು ಕಚ್ಚಿಸಿ, ಸುತ್ತಲೂ ಟಿಚ್ ಬಟನ್ ಒತ್ತಿಕೊಂಡು ಬಂದರೆ, ಚಳಿಗೆ ಬಿಗಿದುಕೊಂಡ ಬಟ್ಟೆ ಕೊನೆಯ ಬಟನ್‌ಗೆ ಒಂದಿಂಚು ಸಾಲುವುದಿಲ್ಲ. ಇವರು ಎಳೀತಾರೆ, ಆ ಕಡೆಯದು ಕಿತ್ತು ಬರುತ್ತದೆ. ನಾನು ಆ ಕಡೆಯದು ಒತ್ತುತ್ತೇನೆ, ಇವರದು ಕಿತ್ತು ಬರುತ್ತದೆ. ಕೂರುವ ಹೊತ್ತಿಗೆ ಸೀಟಿನಲ್ಲಿ ನೀರು.

ಕೀ ತಿರುಗಿಸಿದರೆ ಹಿಂದಿನಿಂದ ಟಿಕ್ ಟಿಕ್ ಅನ್ನಬೇಕಿದ್ದ ಪೆಟ್ರೋಲ್ ಪಂಪ್ ಮೌನ. ಅದರ ಒಳಗೆ ಎರಡು ಪುಟ್ಟ ಪಾಯಿಂಟ್‌ಗಳು (ಕರೆಂಟ್ ಹರಿಸುವ ಲೋಹದ ತುದಿಗಳು) ಕೂಡುತ್ತಾ ಬಿಡುತ್ತಾ ಇರಬೇಕು. ಸವೆದರೆ ಸುಮ್ನೆ ಕೂತುಬಿಡುತ್ತವೆ. ಮೇಲೊಂದು ಪೆಟ್ಟು ಕೊಟ್ಟರೆ ಏಳುತ್ತವೆ. ಪಂಪ್ ಇರೋದು ಬಲಗಡೆ ಹಿಂದಿನ ಚಕ್ರದ ಹತ್ತಿರ, ಕಾರಿನಡಿ.

ಪಬ್ ಒಂದರ ಅಂಗಳಕ್ಕೆ ಕಾರು ತಳ್ಳಿದೆವು. ಇವರು ಪಂಚೆ ಎತ್ತಿ ಕಟ್ಟಿ, ಒದ್ದೆ ನೆಲದ ಮೇಲೆ ಮಲಗಿ, ಚಪ್ಪಲಿ ಬಿಚ್ಚಿ ಪಂಪಿಗೆ ಬಾರಿಸತೊಡಗಿದರು. ಗ್ಲಾಸು ಹಿಡಿದ ಅಜ್ಜಂದಿರು ಒಬ್ಬೊಬ್ಬರಾಗಿ ಹೊರಗೆ ಬಂದರು. ಒಬ್ಬರ ತಮ್ಮನ ಹತ್ತಿರ ಕೆಂಪು ಬಣ್ಣದ್ದು ಇತ್ತಂತೆ. ಇನ್ನೊಬ್ಬರು ಇಂಥದ್ದರಲ್ಲೇ ಹನಿಮೂನಿಗೆ ಹೋಗಿದ್ದರಂತೆ. ಮಾರಿಬಿಟ್ಟೆ ಅಂತ ಕಣ್ಣು ಒರೆಸಿಕೊಂಡರು. ಇನ್ನೂ ಸ್ವಲ್ಪ ಎಡಕ್ಕೆ ಹೊಡಿ ಅಂತ ಬಗ್ಗಿ ಹೇಳಿದವರೂ ಉಂಟು. ಕೈ ಹಾಕಿದವರು ಯಾರೂ ಇಲ್ಲ. ಪಂಚೆ ಉಟ್ಟ ಮನುಷ್ಯ ಕಾರಿಗೆ ಚಪ್ಪಲಿಯಲ್ಲಿ ಹೊಡೀತಿದ್ದಾನಲ್ಲ ಅಂತ ಯಾರಿಗೂ ಆಶ್ಚರ್ಯವೂ ಇಲ್ಲ.

ಕೊನೆಗೂ ಟಿಕ್ ಟಿಕ್ ಕೇಳಿಸಿತು. ಅಜ್ಜಂದಿರು ಚಪ್ಪಾಳೆ ತಟ್ಟಿದರು.

ಹಾಲ್ ತಲುಪಿದಾಗ ಬೇವು ಬೆಲ್ಲ ಮುಗಿದಿತ್ತು. ಜನ ಕಾರಿನ ಸುತ್ತ ಸೆಲ್ಫಿಗೆ ಮುತ್ತಿಕೊಂಡರು, ನನ್ನ ಕೋಸಂಬರಿ ಕಡೆ ತಿರುಗಿ ನೋಡಿದವರಿಲ್ಲ. ಅದು ಮಳೆಗೆ ಸಿಕ್ಕಿ ಹೆಚ್ಚುಕಮ್ಮಿ ಸಾರಾಗಿತ್ತು, ಬಿಡಿ. ವಾಪಸ್ ಹೋಗುವಾಗ ಯಾರೋ ಹುಡುಗ ಒಂದು ರೌಂಡ್ ಬರ್ತೀನಿ ಅಂಕಲ್ ಅಂದ. ನಾನು ತಡಮಾಡದೆ ನನ್ನ ಸೀಟು, ಟವೆಲ್ಲು, ಚಪ್ಪಲಿ ಸೇವೆಯ ವಿವರ ಎಲ್ಲ ಅವನಿಗೆ ಒಪ್ಪಿಸಿ, ಗೆಳತಿಯ ಕಾರು ಹತ್ತಿದೆ. ಅದರಲ್ಲಿ ಸೀಟಿಗೂ ಹೀಟರ್ ಇದೆ.